ರೊಟ್ಟಿ ಎಲ್ಲಿಗೂ ಓಡಿ ಹೋಗೋದಿಲ್ಲ

ಎರಡು ದಿನ ಹೊಟ್ಟೆ ಸುಮ್ಮನಿದ್ದರೆ ಸಾಕು, ಮೂರನೇ ದಿನ ಕೊಟ್ಟೂರಿನ ಮಿರ್ಚಿ-ಮಂಡಕ್ಕಿ ಅಂಗಡಿ ಮುಂದೆ ನೀನು ಹಾಜರು! ಮರುದಿನ ಮತ್ತೆ ತಂಬಿಗೆ ಹಿಡಿದು ಓಡಾಟ. ಆಮೇಲೆ ಮೊಬೈಲಿನಲ್ಲಿ ಯಾರೋ ಹೇಳಿದರೆಂದು ಹಾಲು ಬಿಟ್ಟೆ, ಬೇಳೆ ಬಿಟ್ಟೆ, ಗೋಧಿ ಬಿಟ್ಟೆ ಅಂತ ಅರೆಹೊಟ್ಟೆ. ತಮ್ಮಾ, ನಿನಗೆ ಬುದ್ಧಿ ಬೇಕಾದಷ್ಟಿದೆ, ತಾಳ್ಮೆಯದ್ದೇ ಬರಗಾಲ.

ಹೀಗೆ ಕಾಡುವ ಕರುಳಿನ ಉರಿಯೂತ ಮಿರ್ಚಿಯಿಂದ ಹುಟ್ಟಿದ್ದಲ್ಲ. ಮೈಕಾಯುವ ಶಕ್ತಿಯೇ ದಾರಿ ತಪ್ಪಿ ಕರುಳಿನ ಮೇಲೆ ಬೀಳ್ತದೆ. ದೊಡ್ಡ ಕರುಳಿನಲ್ಲಷ್ಟೇ ಹುಣ್ಣೇಳುವುದು ಅಲ್ಸರೇಟಿವ್ ಕೊಲೈಟಿಸ್. ಬಾಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಕಾಣಿಸಬಹುದಾದ್ದು ಕ್ರೋನ್ಸ್. ನಮ್ಮ ದೇಶದಲ್ಲಿ ಇನ್ನೊಂದು ತೊಡಕು: ಕರುಳಿನ ಕ್ಷಯವೂ ಕ್ರೋನ್ಸ್ ವೇಷ ಹಾಕಿ ಬರ್ತದೆ. ಕ್ಷಯ ಇದ್ದವನಿಗೆ ಬರೀ ಸ್ಟೀರಾಯ್ಡ್ ಕೊಟ್ಟರೆ ರೋಗ ಇನ್ನೂ ಹಬ್ಬೀತು. ಅದಕ್ಕೇ ಔಷಧಿ ಅಂಗಡಿಯಲ್ಲಿ ಕೈಚಾಚಿ ಮಾತ್ರೆ ನುಂಗಬೇಡ. ಕೂಡ್ಲಿಗಿಯಿಂದ ಬಳ್ಳಾರಿಯೂ ಹರಪನಹಳ್ಳಿಯಿಂದ ದಾವಣಗೆರೆಯೂ ದೂರವೇನಲ್ಲ. ಹೋಗಿ ಕರುಳಿನೊಳಗೆ ನೋಡುವ ಕೊಲೊನೋಸ್ಕೋಪಿ ಪರೀಕ್ಷೆ ಮಾಡಿಸು. ಸೊಂಟನೋವಿಗೆ ನುಂಗುವ ಡೈಕ್ಲೋಫೆನಾಕ್ ಕೂಡ ಈ ಕಾಯಿಲೆಯನ್ನು ಕೆಣಕಬಹುದು, ಡಾಕ್ಟರಿಗೆ ಅದನ್ನೂ ಹೇಳು.

ಈಗ ಊಟದ ಮಾತು. ನಮ್ಮ ಕಡೆಯವರಿಗೆ ಜೋಳದ ರೊಟ್ಟಿ ಬಿಡು ಅಂದರೆ ಊಟವನ್ನೇ ಬಿಡು ಅಂದ ಹಾಗೆ. ಬಿಡು ಅಂತ ಯಾರಂದರು? ಕಾಯಿಲೆ ಕೆರಳಿದಾಗ ಮಾತ್ರ ಬದಿಗಿಡು. ಹುಣ್ಣಾದ ಕಾಲಿಗೆ ಹೊಸ ಚಪ್ಪಲಿ ತೊಡಿಸಿದರೆ ಹೇಗೋ, ಹುಣ್ಣಾದ ಕರುಳಿಗೆ ನಾರಿನ ಊಟ ಹಾಗೆ. ಆಗ ಮೆತ್ತಗೆ ಬೆಂದ ಅನ್ನ, ಹೆಸರುಬೇಳೆ ತಿಳಿಸಾರು, ಸಿಪ್ಪೆ ಹೆರೆದ ಹೀರೇಕಾಯಿ, ಸೋರೇಕಾಯಿ, ಮಾಗಿದ ಬಾಳೆಹಣ್ಣು. ತಿನ್ನುವವನಾದರೆ ಬೇಯಿಸಿದ ಮೊಟ್ಟೆ. ಹಾಲು ದಕ್ಕದ ಎಷ್ಟೋ ಜನಕ್ಕೆ ಮಜ್ಜಿಗೆ ದಕ್ಕುತ್ತದೆ. ರೊಟ್ಟಿ ಜೊತೆ ಕಡಿಯುವ ಹಸಿ ಉಳ್ಳಾಗಡ್ಡಿ, ಮೆಂತ್ಯ ಸೊಪ್ಪು, ಗುರೆಳ್ಳು ಪುಡಿ, ಕೆಂಪು ಚಟ್ನಿ ಎಲ್ಲಕ್ಕೂ ರಜೆ. ಕ್ರೋನ್ಸ್‌ನಿಂದ ಕರುಳು ಕಿರಿದಾಗಿದ್ದರಂತೂ ಬೀಜ-ನಾರು ಸಿಕ್ಕಿಕೊಂಡು ದಾರಿಯೇ ಕಟ್ಟಬಹುದು.

ಭೇದಿ ಜಾಸ್ತಿಯಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಟೀ ಚಮಚ, ಅದೂ ಸಮತಟ್ಟು. ನಿನ್ನ ಕೈಯಳತೆ ನನಗೆ ಗೊತ್ತು, ರಾಶಿ ಹಾಕಬೇಡ.

ಹೊಟ್ಟೆ ತಣಿದ ಮೇಲೆ ನಾರು ಮತ್ತೆ ಬೇಕು, ಜನ್ಮವಿಡೀ ಮೆತ್ತನ್ನ ತಿಂದು ಕೂರಬೇಡ. ಮೊದಲು ಜೋಳದ ಅಂಬಲಿ, ಆಮೇಲೆ ನುಚ್ಚು, ಆಮೇಲೆ ಸಾರಿನಲ್ಲಿ ನೆನೆಸಿದ ತೆಳ್ಳನೆ ರೊಟ್ಟಿ. ಒಮ್ಮೆಗೆ ಒಂದೇ ಹೊಸ ಪದಾರ್ಥ, ಮೂರ್ನಾಲ್ಕು ದಿನ ನೋಡು. ತಿಂದದ್ದು, ಆದದ್ದು ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರಿ. ಪಕ್ಕದ ಮನೆಯವನಿಗೆ ಒಗ್ಗಿದ್ದು ನಿನಗೆ ಒಗ್ಗಬೇಕೆಂದೇನಿಲ್ಲ. ಎಲ್ಲರಿಗೂ ಹೊಂದುವ ಪಥ್ಯ ಈ ಕಾಯಿಲೆಗೆ ಇಲ್ಲ.

ಕೊಟ್ಟೂರೇಶ್ವರನ ತೇರಿಗೋ ಮೈಲಾರದ ಜಾತ್ರೆಗೋ ಹೋದಾಗ ಬೀಗರು "ಒಂದು ತಿಂದರೆ ಏನಾಗ್ತದೆ?" ಅಂತ ಎಲೆಗೆ ಬಡಿಸ್ತಾರೆ. ಏನಾಗ್ತದೆ ಅಂತ ಅವರಿಗಲ್ಲ, ನಿನಗೆ ಗೊತ್ತು. ಕೈಮುಗಿದು ಮಜ್ಜಿಗೆ ಕೇಳು. ನಾಚಿಕೆಯಿಂದ ತಿಂದು ರಾತ್ರಿಯೆಲ್ಲ ನರಳೋದು ಯಾವ ಮರ್ಯಾದೆ? ಡಾಕ್ಟರ ಮುಂದೆಯೂ ಅಷ್ಟೇ. ಎಷ್ಟು ಸಲ ಹೋದೆ, ರಕ್ತ ಬಿತ್ತೋ, ಆಮ ಬಿತ್ತೋ ಅಂದರೆ ನೆಲ ನೋಡಬೇಡ, ಬಾಯಿಬಿಡು.

ರಕ್ತ, ಜ್ವರ, ನಿದ್ದೆಗೆಡಿಸುವ ಭೇದಿ, ಕಾರಣವಿಲ್ಲದೆ ಇಳಿಯುವ ತೂಕ, ಇವು ಕಂಡರೆ ನನ್ನ ಅಂಬಲಿಯನ್ನು ನಂಬಿ ಕೂರಬೇಡ, ಆಸ್ಪತ್ರೆಗೆ ನಡಿ. ಮತ್ತೆ, ಹೊಟ್ಟೆ ತಣ್ಣಗಾಯಿತು ಅಂತ ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸೀಯೆ, ಜೋಕೆ.