ಚರಂಡಿಗೆ ಬಿಟ್ಟದ್ದು ಎಲ್ಲಿಗೆ ತಲುಪುತ್ತದೆ?



ಇಂದು ನೀವು ಉಂಡ ಅವರೆಕಾಳಿನ ಸಾರನ್ನು ಒಮ್ಮೆ ನೆನೆಯಿರಿ. ಆ ಕಾಳಿನಲ್ಲಿರುವ ಸಾರಜನಕವು ಹಿಂದೊಮ್ಮೆ ಗಾಳಿಯಲ್ಲಿತ್ತು. ಗಾಳಿಯಲ್ಲಿ ನೂರಕ್ಕೆ 78 ಪಾಲು ಅದೇ ಇದ್ದರೂ ನೇರವಾಗಿ ಹೀರಿಕೊಳ್ಳಲು ಗಿಡಕ್ಕೂ ಆಗದು, ನಮಗೂ ಆಗದು. ಅವರೆ, ತೊಗರಿ, ಹುರುಳಿಗಳ ಬೇರಿನ ಗಂಟುಗಳಲ್ಲಿ ವಾಸಿಸುವ, ಕಣ್ಣಿಗೆ ಕಾಣದ ಜೀವಿಗಳನ್ನು ಅಲ್ಲಾಹನು ಈ ಕೆಲಸಕ್ಕೆ ನೇಮಿಸಿದ್ದಾನೆ. ರಂಜಕದ ಕತೆ ಬೇರೆ. ಅದು ಬಂಡೆ ಸವೆದು ಮಣ್ಣಾಗುವಾಗ ಬಹಳ ನಿಧಾನವಾಗಿ ದೊರೆಯುವ ವಸ್ತು. ಕಳೆದುಕೊಂಡರೆ ಬೇಗ ಸಿಗದು.

ನಮ್ಮ ಕಡೆಯ ರೈತರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅವರು ಗೋಡುಮಣ್ಣನ್ನು ಗಾಡಿಯಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು. ಮಳೆ ಕೊಚ್ಚಿ ತಂದ ಸತ್ವ ಹೊಲಕ್ಕೇ ಮರಳುತ್ತಿತ್ತು. ಯಲಹಂಕ, ಹೆಬ್ಬಾಳ, ನಾಗವಾರದ ಕೆರೆಗಳನ್ನು ನಗರ ಸುತ್ತುವರಿದ ಮೇಲೆ ಈ ಚಕ್ರ ತುಂಡಾಯಿತು. ಕಾಳು, ತರಕಾರಿ ಹಳ್ಳಿಯಿಂದ ಬರುತ್ತವೆ. ಅವುಗಳ ಸತ್ವ ನಮ್ಮ ಬಚ್ಚಲು, ಶೌಚಾಲಯಗಳ ಮೂಲಕ ಹೊರಬೀಳುತ್ತದೆ, ಹೊಲದ ದಾರಿ ಹಿಡಿಯುವುದಿಲ್ಲ. ಅದು ಕೆರೆ ಸೇರಿದಾಗ ಪಾಚಿ, ಅಂತರಗಂಗೆ ಕೊಬ್ಬುತ್ತವೆ. ಅವು ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಮುಗಿದು ಮೀನುಗಳು ಸಾಯುತ್ತವೆ. ಯಾರೂ ವಿಷ ಹಾಕಿರುವುದಿಲ್ಲ.

ಸೂರಃ ಅರ್ರಹ್ಮಾನ್‌ನಲ್ಲಿ ಆಕಾಶದ ಜೊತೆಯಲ್ಲೇ ತಕ್ಕಡಿಯ ಪ್ರಸ್ತಾಪವಿದೆ, ತೂಕದಲ್ಲಿ ಅತಿಕ್ರಮಿಸಬಾರದೆಂಬ ಆಜ್ಞೆಯಿದೆ. ಅದನ್ನು ನಾವು ಅಂಗಡಿಯವನಿಗೆ ಮಾತ್ರ ಬೋಧಿಸುತ್ತೇವೆ. ನಿಂತ ನೀರಿನಲ್ಲಿ ಮೂತ್ರ ವಿಸರ್ಜಿಸುವುದನ್ನು ಪ್ರವಾದಿವರ್ಯರು(ಸ) ನಿಷೇಧಿಸಿರುವರು. ಒಬ್ಬನ ವಿಷಯದಲ್ಲೇ ಹೀಗಿದ್ದರೆ ಇಡೀ ಬಡಾವಣೆಯ ಹೊಲಸನ್ನು ಕೆರೆಗೆ ಹರಿಸುವುದರ ಬಗ್ಗೆ ಏನು ಹೇಳೋಣ?

ಹರಿದ ಚಕ್ರವನ್ನು ಸ್ವಲ್ಪವಾದರೂ ಹೊಲಿಯಬಹುದೆಂಬುದಕ್ಕೆ ಜಕ್ಕೂರು ಕೆರೆ ಸಾಕ್ಷಿ. ಸುಮಾರು 160 ಎಕರೆಯ ಈ ಕೆರೆಗೆ ಬರುವ ಕೊಳಚೆ ನೀರನ್ನು ಘಟಕವೊಂದರಲ್ಲಿ ಶುದ್ಧೀಕರಿಸಿ, ಬಳಿಕ ಜೊಂಡು ಬೆಳೆದ ಜೌಗುಭೂಮಿಯ ಮೂಲಕ ಹಾಯಿಸುತ್ತಾರೆ. ಘಟಕದಲ್ಲಿ ಉಳಿದ ಸಾರಜನಕ, ರಂಜಕಗಳಲ್ಲಿ ಒಂದಷ್ಟನ್ನು ಜೊಂಡು ಹೀರಿಕೊಳ್ಳುತ್ತದೆ. ಆದರೆ ಆ ಜೊಂಡನ್ನು ಕಾಲಕಾಲಕ್ಕೆ ಕೊಯ್ದು ಹೊರಗೆ ಸಾಗಿಸಬೇಕು. ಇಲ್ಲವಾದರೆ ಅದು ಅಲ್ಲೇ ಕೊಳೆತು, ತಿಂದದ್ದನ್ನೆಲ್ಲ ನೀರಿಗೇ ಕಕ್ಕುತ್ತದೆ.

ಇನ್ನು ಕಹಿಯಾದರೂ ಹೇಳಲೇಬೇಕಾದ ಮಾತು. ಬಕ್ರೀದ್ ದಿನ ನಮ್ಮ ಎಷ್ಟೋ ಮನೆಗಳ ಮುಂದೆ ಬಲಿಪ್ರಾಣಿಯ ರಕ್ತವನ್ನು ನೀರು ಸುರಿದು ಚರಂಡಿಗೆ ತಳ್ಳಲಾಗುತ್ತದೆ. ಕರುಳಿನ ಹೊಲಸು ಖಾಲಿ ನಿವೇಶನ ಸೇರುತ್ತದೆ. ಬಲಿಯ ಮಾಂಸವಾಗಲಿ ರಕ್ತವಾಗಲಿ ಅಲ್ಲಾಹನಿಗೆ ತಲುಪುವುದಿಲ್ಲ, ತಲುಪುವುದು ದೇವಭಯ ಮಾತ್ರವೆಂದು ಸೂರಃ ಅಲ್‌ಹಜ್ಜ್ ಕಲಿಸುತ್ತದೆ. ಹಾಗಾದರೆ ಆ ರಕ್ತ ತಲುಪುವುದೆಲ್ಲಿಗೆ? ಮಳೆ ಬಂದರೆ ರಾಜಕಾಲುವೆಗೆ, ಅಲ್ಲಿಂದ ತಗ್ಗಿನ ಕೆರೆಗೆ. ರಕ್ತವೆಂದರೆ ಸಾರಜನಕದ ಗಣಿ. ಮಣ್ಣಿಗೆ ಅದು ಗೊಬ್ಬರ, ಕೆರೆಗೆ ಮಾರಕ. ನೆರೆಯವನ ಮೂಗಿಗೂ ಅದು ಪೀಡೆಯೇ. ಅವನ ಹಕ್ಕಿನ ವಿಚಾರಣೆ ಪ್ರತ್ಯೇಕವಾಗಿ ಆಗಲಿದೆ.

ಸ್ವಂತ ಜಾಗ ಇರುವವರು ಬಾವಿಯಿಂದ ದೂರದಲ್ಲಿ ಆಳವಾದ ಗುಂಡಿ ತೋಡಿ ರಕ್ತವನ್ನೂ ಕರುಳನ್ನೂ ಹೂಳಲಿ, ನಾಯಿ ಕೆದರದಂತೆ ಮೇಲೆ ದಪ್ಪಗೆ ಮಣ್ಣು ಮುಚ್ಚಲಿ. ಆರ್.ಟಿ. ನಗರದಂತಹ ಇಕ್ಕಟ್ಟಿನ ಬೀದಿಗಳಲ್ಲಿ ಇರುವವರಿಗೆ ಇದು ಆಗದ ಮಾತು. ಅವರ ಪರವಾಗಿ ಮಸೀದಿಯ ಸಮಿತಿಯು ಹಬ್ಬಕ್ಕೆ ಮೊದಲೇ ನಗರಾಡಳಿತದವರೊಡನೆ ಮಾತಾಡಿ, ತ್ಯಾಜ್ಯದ ಗಾಡಿ ಯಾವ ಹೊತ್ತಿಗೆ ಯಾವ ಬೀದಿಗೆ ಬರುವುದೆಂದು ಗೊತ್ತುಪಡಿಸಿಕೊಂಡು, ಹಬ್ಬದ ಹಿಂದಿನ ಜುಮಾದಲ್ಲೇ ಪ್ರಕಟಿಸಲಿ.