ಕೌಂಟ್ ಏರಿತೆಂದು ಮಾತ್ರೆ ಬಿಡಬೇಡಿ

ಅಪ್ಲಾಸ್ಟಿಕ್ ಅನೀಮಿಯಾದಿಂದ ಚೇತರಿಸಿಕೊಳ್ಳುತ್ತಿದ್ದೀರಾ? ರಿಪೋರ್ಟಿನಲ್ಲಿ ಪ್ಲೇಟ್‌ಲೆಟ್ ಏರಿದ್ದು ಕಂಡೊಡನೆ ಸೈಕ್ಲೋಸ್ಪೊರಿನ್ ನಿಲ್ಲಿಸಿಬಿಡುವವರಿದ್ದಾರೆ. ನೀವು ಹಾಗೆ ಮಾಡಬೇಡಿ. ಈ ಮಾತ್ರೆಯ ಜೊತೆ ಕೊಡುವ ಎಟಿಜಿ ಚುಚ್ಚುಮದ್ದಿನ ಚಿಕಿತ್ಸೆಯ ಫಲ ಕಾಣಲೇ 3ರಿಂದ 6 ತಿಂಗಳು ಹಿಡಿಯುತ್ತದೆ. ಆಮೇಲೂ ವೈದ್ಯರು ಮಾತ್ರೆಯನ್ನು ತಿಂಗಳುಗಟ್ಟಲೆ ಮೆಲ್ಲಗೆ ಇಳಿಸುತ್ತಾರೆ. ಅವಸರಪಟ್ಟರೆ ಕಾಯಿಲೆ ಮರುಕಳಿಸೀತು.

ರಕ್ತ ಕಡಿಮೆಯೆಂದು ಯಾರೋ ಹೇಳಿದ ಕಬ್ಬಿಣದ ಟಾನಿಕ್ ಕುಡಿಯಬೇಡಿ. ಇಲ್ಲಿ ಸೋತಿರುವುದು ಅಸ್ಥಿಮಜ್ಜೆ; ಪದೇ ಪದೇ ರಕ್ತ ಹಾಕಿಸಿಕೊಂಡವರ ಮೈಯಲ್ಲಿ ಕಬ್ಬಿಣ ಹೆಚ್ಚೇ ಸೇರಿರುತ್ತದೆ. ಮೈಕೈ ನೋವಿಗೆ ಆಸ್ಪಿರಿನ್, ಐಬುಪ್ರೊಫೆನ್ ಬೇಡ, ರಕ್ತಸ್ರಾವವಾದೀತು. ಹಲ್ಲುಜ್ಜಲು ಮೆತ್ತನೆಯ ಬ್ರಷ್ ಇರಲಿ.

ಮನೆಯಲ್ಲೊಂದು ಥರ್ಮಾಮೀಟರ್ ಇಟ್ಟುಕೊಳ್ಳಿ. ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲೆಂದು ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಹೊರಡಿ. ಸಂಕೋಚಕ್ಕೆ ಇದು ಹೊತ್ತಲ್ಲ.