ಮೇಣದ ಬತ್ತಿ ಕಲಿಸಿದ ಪಾಠ



ಕಳೆದ ಕ್ರಿಸ್ಮಸ್ ಸಂಜೆ ನಮ್ಮ ವಸತಿಗೃಹದಲ್ಲಿ ಮೇಣದ ಬತ್ತಿಗಳನ್ನು ಹಚ್ಚಿದೆವು. ಪೆಟ್ಟಿಗೆಯ ಮೇಲೆ "ನೈಸರ್ಗಿಕ ಮೇಣ" ಎಂದು ಬರೆದುದನ್ನು ನೋಡಿ ನಾನೇ ಹೆಚ್ಚು ಬೆಲೆಯಿತ್ತು ಕೊಂಡಿದ್ದೆನು. ಅರ್ಧ ಗಂಟೆಯೊಳಗೆ ಗೋಡೆಗೆ ಮಸಿ ಹತ್ತಿತು. ಉಬ್ಬಸವುಳ್ಳ ಹುಡುಗಿಯೊಬ್ಬಳನ್ನು ಹೊರಗೆ ಕರೆದೊಯ್ಯಬೇಕಾಯಿತು. ತಪ್ಪು ಮೇಣದ್ದೋ, ನನ್ನದೋ?

ಪೂರ್ವದಲ್ಲಿ ಯುರೋಪಿನ ಬಡವರು ದನಕುರಿಗಳ ಕೊಬ್ಬಿನ ಬತ್ತಿಗಳನ್ನು ಉರಿಸುತ್ತಿದ್ದರು. ಅವುಗಳಿಂದ ಹೊಗೆಯೂ ದುರ್ಗಂಧವೂ ಹೊರಡುತ್ತಿದ್ದವು. ಜೇನುಮೇಣವು ದೇವಾಲಯಗಳಿಗೂ ಧನಿಕರಿಗೂ ಮೀಸಲಾಗಿತ್ತು. ಲಂಡನ್ನಿನಲ್ಲಿ ಈ ಎರಡು ಕಸುಬಿನವರ ಸಂಘಗಳೇ ಬೇರೆಯಾಗಿದ್ದವು. ಕೊಬ್ಬಿನವರಿಗೆ 1462ರಲ್ಲಿಯೂ ಮೇಣದವರಿಗೆ 1484ರಲ್ಲಿಯೂ ರಾಜಸನದು ದೊರೆಯಿತು. 1825ರಲ್ಲಿ ಫ್ರಾನ್ಸಿನ ಶೆವ್ರೆಲ್ ಮತ್ತು ಗೇ-ಲುಸಾಕ್ ಎಂಬ ರಸಾಯನಶಾಸ್ತ್ರಜ್ಞರು ಕೊಬ್ಬಿನಿಂದ ಗಟ್ಟಿಯಾದ ಸ್ಟಿಯರಿಕ್ ಆಮ್ಲವನ್ನು ಬೇರ್ಪಡಿಸಿ ಬತ್ತಿ ಮಾಡುವ ವಿಧಾನಕ್ಕೆ ಹಕ್ಕುಪತ್ರ ಪಡೆದರು. ಹೆಣೆದ ನೂಲು ಬಳಕೆಗೆ ಬಂದುದೂ ಆ ಕಾಲದಲ್ಲಿಯೇ. ಅದರ ತುದಿಯು ಬಾಗಿ ಜ್ವಾಲೆಯ ಹೊರಗೆ ಚಾಚಿ ತಾನೇ ಉರಿದುಹೋಗುವುದರಿಂದ, ಪದೇ ಪದೇ ಕುಡಿ ಕತ್ತರಿಸುವ ಕಷ್ಟ ತಗ್ಗಿತು. 1850ರಲ್ಲಿ ಜೇಮ್ಸ್ ಯಂಗನು ಕಲ್ಲಿದ್ದಲಿನಿಂದ ಪ್ಯಾರಫಿನ್ ತೆಗೆಯುವ ಹಕ್ಕುಪತ್ರ ಪಡೆದನು; ಮುಂದೆ ಬಡವರ ಮನೆಗೂ ಅಗ್ಗದ ಬೆಳಕು ಬಂದಿತು.

ಬತ್ತಿಯು ಉರಿಯುವುದು ಹೇಗೆ? ಕರಗಿದ ಮೇಣವು ನೂಲಿನಲ್ಲಿ ಮೇಲೇರಿ ಆವಿಯಾಗುವುದು. ಆ ಆವಿಯೇ ಉರಿಯುವುದು. ಅದರಲ್ಲಿ ಕಾದು ಹೊಳೆಯುವ ಇಂಗಾಲದ ಕಣಗಳಿಂದ ಹಳದಿ ಬೆಳಕುಂಟಾಗುವುದು. ನೂಲು ಉದ್ದವಾದರೆ, ಅಥವಾ ಗಾಳಿಯಿಂದ ಜ್ವಾಲೆಯು ಅಲುಗಿದರೆ, ಕಣಗಳು ಪೂರ್ಣವಾಗಿ ಉರಿಯದೆ ಮಸಿಯಾಗಿ ಹೊರಬೀಳುವವು. ಯಾವ ಮೇಣವೂ ಈ ನಿಯಮಕ್ಕೆ ಹೊರತಲ್ಲ. ನಾನು ನೂಲನ್ನು ಕತ್ತರಿಸಿರಲಿಲ್ಲ. ಬತ್ತಿಗಳನ್ನು ತೆರೆದ ಕಿಟಕಿಯಲ್ಲಿ ನಿಲ್ಲಿಸಿದ್ದೆನು. ತಪ್ಪು ನನ್ನದೇ.

ಹಾಗಾದರೆ ನೈಸರ್ಗಿಕ ಮೇಣವನ್ನು ಆರಿಸುವುದು ವ್ಯರ್ಥವೇ? ಅಲ್ಲ. ಆದರೆ ಹೊಗೆಯಾಡುತ್ತಿದ್ದ ಆ ಹಳೆಯ ಕೊಬ್ಬೂ ನೈಸರ್ಗಿಕವೇ ಅಲ್ಲವೇ! ಆದುದರಿಂದ ಹೆಸರಿಗೆ ಮರುಳಾಗದೆ, ಯಾವ ಮೇಣ, ಎಷ್ಟು ಪಾಲು ಎಂದು ಕೇಳಿರಿ. ಜೇನುಮೇಣಕ್ಕೆ ಮಧುವಿನ ನಸುಗಂಪಿರುವುದು. ಬಹುದಿನ ಇಟ್ಟರೆ ಮೇಲೆ ಬೆಳ್ಳಗಿನ ಪುಡಿ ಕಾಣುವುದು, ಅದು ದೋಷವಲ್ಲ. ಒಂದು ತೂಕ ಮೇಣಕ್ಕಾಗಿ ಹುಳುಗಳು ಹಲವು ಪಟ್ಟು ಜೇನನ್ನು ವ್ಯಯಿಸುವವು. ಆದುದರಿಂದ ಅದು ಅಗ್ಗವಾಗಿ ದೊರೆತರೆ ಸಂಶಯಪಡಿರಿ. ನಮ್ಮ ಮಲೆನಾಡಿನ ಹೆಜ್ಜೇನಿನ ಮೇಣವಾದರೆ, ಹುಳುಗಳನ್ನು ಸುಡದೆ ತೆಗೆದರೋ ಎಂಬುದನ್ನೂ ವಿಚಾರಿಸಿರಿ.

ಈಸ್ಟರ್ ಸಂಜೆ ಉಳಿದ ಬತ್ತಿಗಳನ್ನೇ ನೂಲು ಕಾಲು ಅಂಗುಲಕ್ಕೆ ಕತ್ತರಿಸಿ, ಗಾಳಿ ಬೀಸದ ಮೂಲೆಯಲ್ಲಿ ಹಚ್ಚಿದೆವು. ಗೋಡೆ ಬೆಳ್ಳಗೇ ಉಳಿಯಿತು. ಆದರೂ ಆ ಹುಡುಗಿಯನ್ನು ದೂರದ ಬಾಗಿಲ ಬಳಿಯೇ ಕೂರಿಸಿದೆನು. ತಿಳಿವಳಿಕೆ ಬಂದ ಮೇಲೂ ಎಚ್ಚರ ಬೇಕಷ್ಟೆ.